ಮೋಹನನ ಮೊಳ

ಅಂಕಿತಾಳ ಎಡಗಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿ ಆಗಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ದಿವ್ಯಶ್ರೀ ಹೆಣೆಯಲು ಶುರು ಮಾಡಿದ್ದಳಷ್ಟೆ, ಒಳಕೋಣೆಯಿಂದ ಅತ್ತೆ ಕರೆದಳು.

"ದಿವ್ಯಾ."

ಗಣಪಿ ಯಾವತ್ತೂ ಹಾಗೆ ಕರೆದವಳಲ್ಲ. ಕರೆಯುವುದೆಂದರೆ ಅವಳಿಗೆ ಗದರುವುದು. ಒಂದು ಕರೆಗೆ ನಾಲ್ಕು ಮಾತು ಬಾಲದಂತೆ ಅಂಟಿಕೊಂಡಿರುತ್ತಿತ್ತು. ಇವತ್ತು ಹೆಸರೊಂದೇ ಬಂತು. ದಿವ್ಯಶ್ರೀಯ ಕೈಯಿಂದ ಕೂದಲು ಜಾರಿತು.

"ಅಮ್ಮ, ಇವತ್ತು ಪರೀಕ್ಷೆ. ಬಸ್ಸು ಹೋಗ್ತದೆ."

"ಕೂತಿರು. ಬಂದೆ."

ಒಳಗೆ ಗಣಪಿ ಮಗನ ತಲೆಯ ಹತ್ತಿರ ಕೂತಿದ್ದಳು. ಒಂದು ಕೈಯಲ್ಲಿ ಗಂಜಿತಿಳಿಯ ಬಟ್ಟಲು, ಇನ್ನೊಂದರಲ್ಲಿ ಚಮಚ. ಮೋಹನನ ಬಾಯಿಯ ಅಂಚಿನಿಂದ ತಿಳಿ ಇಳಿದು ಕಿವಿಯ ಹತ್ತಿರ ದಿಂಬನ್ನು ನೆನೆಸಿತ್ತು.

"ಹೊರಗೇ ಬಂತು," ಎಂದಳು ಗಣಪಿ. "ಒಳಗೆ ಹೋಗ್ಲಿಲ್ಲ."

ದಿವ್ಯಶ್ರೀ ಮೊದಲು ಮೂಗಿಗೆ ಕೈ ಹಿಡಿಯಲಿಲ್ಲ, ಎದೆ ಮುಟ್ಟಲಿಲ್ಲ. ಸರಿದಿದ್ದ ಹೊದಿಕೆಯನ್ನು ಹೊಟ್ಟೆಯ ಮೇಲಕ್ಕೆ ಎಳೆದು, ಎರಡೂ ಬದಿ ಮೈಯಡಿಗೆ ಸಿಕ್ಕಿಸಿದಳು. ಆಮೇಲೆ ಅವನ ಕಾಲ ಬಳಿ ಕೂತಳು.

ಆ ಹೊದಿಕೆಯಡಿ ಏನಿತ್ತು ಎಂಬುದು ಊರಿನ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ. ಗೊತ್ತಾಗಗೊಡುವುದಿಲ್ಲ ಎಂದು ಅವಳು ಮೋಹನನಿಗೆ ಮಾತು ಕೊಟ್ಟಿದ್ದಳು. ಸತ್ತ ದಿನವೂ, ಸುಡುವ ತನಕವೂ.

ಬಾಗಿಲಲ್ಲಿ ಅಂಕಿತಾ ನಿಂತಿದ್ದಳು. ಬಲಗಡೆಯ ಬಿಚ್ಚುಗೂದಲನ್ನು ತಾನೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಆ ಹೊಸ್ತಿಲು ದಾಟುವ ರೂಢಿ ಅವಳಿಗೆ ತಪ್ಪಿ ಎಷ್ಟೋ ಕಾಲವಾಗಿತ್ತು.

*

ಮೋಹನ ಹೂವಿನವನು. ಭಟ್ಕಳದಿಂದ ಬೆಳಗಿನ ಟೆಂಪೋದಲ್ಲಿ ಬರುವ ಮಲ್ಲಿಗೆಯನ್ನು ಹೊನ್ನಾವರದಲ್ಲಿ ಇಳಿಸಿಕೊಂಡು, ಸ್ಕೂಟರಿನ ಮುಂದೆ ಹಿಂದೆ ಕಟ್ಟಿಕೊಂಡು, ಅಂಗಡಿ, ದೇವಸ್ಥಾನ, ಮದುವೆಮನೆ ಎಂದು ಹಂಚುತ್ತ ಕುಮಟೆಗೆ ಬರುವುದು, ಉಳಿದದ್ದನ್ನು ಪೇಟೆಯಲ್ಲಿ ನಿಂತು ಮಾರಿ ತನ್ನೂರು ಬಾಡಕ್ಕೆ ಮರಳುವುದು. ಮದುವೆಯಾದಾಗಿನಿಂದ ದಿವ್ಯಶ್ರೀ ಕಂಡ ದಿನಚರಿ ಇದೊಂದೇ.

ಆಳು ಎತ್ತರ; ಕೈ ಇನ್ನೂ ಉದ್ದ. ಮೊಳ ಹಾಕಿ ಹೂ ಮಾರುವವನಿಗೆ ಉದ್ದ ಕೈ ಇರಬಾರದು. ಬೇರೆಯವರು ಮೊಣಕೈಯನ್ನು ಸ್ವಲ್ಪ ಮಡಚಿ, ಬೆರಳನ್ನು ಸ್ವಲ್ಪ ಬಗ್ಗಿಸಿ ಮೊಳ ಗಿಡ್ಡ ಮಾಡುವಲ್ಲಿ, ಇವನು ಕೈ ನೆಟ್ಟಗೆ ಚಾಚಿ, ನಡುಬೆರಳ ತುದಿಯ ಆಚೆಗೂ ನಾಲ್ಕು ಮೊಗ್ಗು ಬಿಟ್ಟು ಕತ್ತರಿಸುವನು. ಕುಮಟೆಯ ಹೆಂಗಸರು ಬೇರೆ ಹೂವಿನವರ ಹತ್ತಿರ "ಮೋಹನನ ಮೊಳದಲ್ಲಿ ಕೊಡ್ತ್ಯಾ?" ಎಂದು ಚೌಕಾಸಿ ಮಾಡುವಷ್ಟು ಅದು ಹೆಸರಾಗಿತ್ತು. ಕೈಗಂತೂ ದಿನಕ್ಕೆ ಹತ್ತು ಸಲ ಸೋಪು. "ದೇವರ ತಲೆ ಮೇಲೆ ಕೂರೂ ಹೂ ಇದು," ಎನ್ನುತ್ತಿದ್ದ.

ಮಲದ ಜೊತೆ ರಕ್ತ ಬಿದ್ದಾಗ, ಉಷ್ಣ ಎಂದ. ಸ್ಕೂಟರಿನ ಸೀಟು, ಬಿಸಿಲು, ಹೊತ್ತಲ್ಲದ ಹೊತ್ತಿನ ಊಟ. ಮೂಲವ್ಯಾಧಿ ಅಲ್ಲದೆ ಮತ್ತೇನು? ನಾಟಿ ಔಷಧ ತಂದ. ಉಷ್ಣ ಇಳಿಯಲಿ ಎಂದು ಗಣಪಿ ಎರಡು ಹೊತ್ತೂ ಮುರುಗಲ ಹಣ್ಣಿನ ಪಾನಕ ಮಾಡಿಕೊಟ್ಟಳು. ಮುರುಗಲು ಕುಡಿದವನಿಗೆ ಕೆಂಪು ಕಂಡರೆ ಮುರುಗಲದ್ದೇ ಎಂದುಕೊಳ್ಳುವುದು ಸುಲಭ. ಒಂದು ಬೇಸಿಗೆ ಪೂರ್ತಿ ಹಾಗೆ ಅಂದುಕೊಂಡೇ ಕಳೆಯಿತು.

ಜಿಲ್ಲೆ ದಾಟಿ ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ದೊಡ್ಡ ಕರುಳಿನ ಗಡ್ಡೆಯ ಬೀಜ ಪಿತ್ತಜನಕಾಂಗದಲ್ಲೂ ಬಿದ್ದಿತ್ತು. ಡಾಕ್ಟರು ಚಿತ್ರ ಬರೆದು ತೋರಿಸಿದರು. ಗಡ್ಡೆಯಿರುವ ತುಂಡನ್ನು ತೆಗೆಯುತ್ತೇವೆ, ಮೇಲಿನ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು ಕೂರಿಸುತ್ತೇವೆ, ಅದರ ಮೇಲೊಂದು ಚೀಲ ಅಂಟಿಸಿಕೊಳ್ಳಬೇಕು, ಮಲವೆಲ್ಲ ಅದಕ್ಕೇ ಬರುತ್ತದೆ.

"ಎಷ್ಟು ದಿವಸ?" ಎಂದು ಕೇಳಿದ ಮೋಹನ.

"ಅಭ್ಯಾಸ ಆಗುತ್ತದೆ," ಎಂದರು ಡಾಕ್ಟರು.

ವಾರ್ಡಿಗೆ ಬಂದವನು ಗೋಡೆಯ ಕಡೆ ತಿರುಗಿ ಮಲಗಿದ. ಗೋಡೆಗೆ ಮುಖ ಮಾಡಿಯೇ ಹೇಳಿದ: "ಹೂ ಮುಟ್ಟೂ ಕೈ ಇದು. ಹೊಟ್ಟೆ ಮೇಲೆ ಹೇಲು ಕಟ್ಕಂಡು ತಿರುಗ್ತ ಅಂತ ಗೊತ್ತಾದ್ರೆ ಯಾರು ತಕ್ಕಂತ್ರು ನನ್ನ ಹತ್ರ? ದಿವ್ಯಾ, ಯಾರಿಗೂ ಬೇಡ. ನೀನೊಬ್ಳೇ."

ಊರಿಗೆ ಬಂದ ಮೇಲೆ ಅವಳೊಬ್ಬಳೇ ಆದಳು. ಚೀಲ ಬಿಚ್ಚುವುದು, ತೊಳೆಯುವುದು, ಚರ್ಮಕ್ಕೆ ಪುಡಿ ಹಾಕಿ ಹೊಸದು ಅಂಟಿಸುವುದು, ಎಲ್ಲ ಬಚ್ಚಲಿನ ಚಿಲಕ ಹಾಕಿಕೊಂಡು. ಸಡಿಲ ಅಂಗಿ ತೊಟ್ಟು ಅವನು ಮತ್ತೆ ಹೂವಿಗೆ ಹೊರಟ. ಸ್ಕೂಟರು ಬೇಡವೆಂದು ಅದೇ ಟೆಂಪೋದಲ್ಲಿ ಕೂತು ಹೋಗಿ ಬಂದ. ಕೈ ಸಪೂರವಾಯಿತು, ಮೊಳ ಮಾತ್ರ ಗಿಡ್ಡವಾಗಲಿಲ್ಲ.

ಮಳೆಗಾಲ ಮುಗಿಯುವಾಗ ಎಡತೊಡೆ ಬಾತುಕೊಂಡಿತು. ಬಾವು ಎಂದು ಕೊಯ್ದರೆ ಕೀವಿನ ಹಿಂದೆ ಮಲ ಬಂತು. ಹೊಟ್ಟೆಯೊಳಗೆ ಕರುಳು ತೂತಾಗಿ, ದಾರಿ ಮಾಡಿಕೊಂಡು ತೊಡೆಯವರೆಗೆ ಇಳಿದಿತ್ತು. "ಬಹಳ ಅಪರೂಪ ಇದು. ಪುಸ್ತಕದಲ್ಲಿ ಓದಿದ್ದೆ, ನೋಡಿರಲಿಲ್ಲ," ಎಂದರು ಡಾಕ್ಟರು. ಕಲಿಯುವ ಮಕ್ಕಳನ್ನು ಕರೆದು ತೋರಿಸಿದರು. ಬಿಳಿ ಕೋಟಿನ ಹುಡುಗ ಹುಡುಗಿಯರು ಮಂಚದ ಸುತ್ತ ನಿಂತು ಬಗ್ಗಿ ನೋಡಿದರು. ಮೋಹನ ಕಣ್ಣು ಮುಚ್ಚಿಕೊಂಡು ದಿವ್ಯಶ್ರೀಯ ಕೈಯನ್ನು ನೋಯುವಷ್ಟು ಹಿಡಿದಿದ್ದ. ಎರಡನೇ ಸಲ ಹೊಟ್ಟೆ ತೆರೆದವರು ಏನೂ ಮಾಡಲಾಗದೆ ಹಾಗೆಯೇ ಮುಚ್ಚಿದರು. ಮನೆಗೆ ಕರೆದುಕೊಂಡು ಹೋಗಿ ಎಂದರು.

*

ಬಿಸಿಲೇರುವಷ್ಟರಲ್ಲಿ ಅಂಗಳ ತುಂಬಿತು. ಮೋಹನನ ಚಿಕ್ಕಪ್ಪ ಪಾಂಡು ಬಂದ ಮೇಲೆ ಕೆಲಸಗಳಿಗೆ ಕಾಲು ಬಂತು. ಕೇರಿಯಲ್ಲಿ ಯಾರೇ ಸತ್ತರೂ ಅವನದೇ ಯಜಮಾನಿಕೆ. ಪಕ್ಕದ ಮನೆಯ ಜಟ್ಟಿ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ.

"ಎಷ್ಟುದ್ದ ತಕ್ಕಂಬೂದಾ?" ಜಟ್ಟಿ ತನ್ನ ಕೈಯನ್ನು ಬಿದಿರಿನ ಮೇಲಿಟ್ಟು ಅಳೆಯತೊಡಗಿದ.

"ನಿನ್ನ ಮೊಳದಲ್ಲಿ ಅಳಿಬೇಡ. ಕಾಲು ಹೊರಗೆ ಬತ್ತದೆ," ಎಂದ ಪಾಂಡು.

"ಅವನ ಮೊಳದಲ್ಲಾದ್ರೆ ನಾಲ್ಕು ಸಾಕು."

"ಅವರವರ ಮೊಳದಲ್ಲಿ ಎಲ್ರೂ ನಾಲ್ಕೇ, ಮಾರಾಯ. ಐದು ತಕ್ಕ."

ಜಗಲಿಯ ಹೆಂಗಸರಲ್ಲಿ ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಒಳ್ಳೆ ಮನ್ಷ. ನಮ್ಮ ಹುಡುಗಿ ಮದುವಿಗೆ ಮೂರು ಮೊಳ ಹೆಚ್ಚಿಗೇ ಕೊಟ್ಟಿದ್ದ," ಎಂದಳೊಬ್ಬಳು.

"ಎಂತ ಕಾಯಿಲೆ ಅಂಬೂದು ಮಾತ್ರ ಕಡೆಗೂ ತೆಳೀಲಿಲ್ಲ."

"ಹೊಟ್ಟೆದು ಅಂದ್ರಪ."

"ಹೊಟ್ಟೆ ಎಲ್ರಿಗೂ ಅದೆ. ಹೊಟ್ಟೇಲಿ ಎಂತ?"

ದಿವ್ಯಶ್ರೀ ಕಂಬಕ್ಕೊರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅಳು ಬಂದಿರಲಿಲ್ಲ. ಅವಳ ಗಮನವೆಲ್ಲ ಪಾಂಡುವಿನ ಬಾಯಿಯ ಮೇಲಿತ್ತು. ಆ ಮಾತು ಬಂದೇ ಬಂತು.

"ಬಾವಿ ಹತ್ರ ಹಲಗೆ ಹಾಕಿ. ಲೋಕೇಶ, ಕತ್ತರಿ ತಕ್ಕಂಬಾ. ಮೀಸೂಕೆ ಮುಂಚೆ ಉಡಿದಾರ ಕತ್ತರಿಸ್ಬೇಕು. ಬಂದ ಹಾಂಗೇ ಹೋಗ್ಬೇಕು, ಮೈಮೇಲೆ ಒಂದು ನೂಲೂ ಇರೂಕಾಗ."

ಲೋಕೇಶ ಪಾಂಡುವಿನ ಮಗ. ಬೆಂಕಿ ಹಿಡಿಯುವವನೂ ಅವನೇ ಎಂದಾಗಿತ್ತು. ಅವನು ಕತ್ತರಿಗೆಂದು ಒಳಗೆ ಹೊರಟಾಗ ದಿವ್ಯಶ್ರೀ ಬಾಗಿಲಿಗೆ ಅಡ್ಡ ಬಂದಳು.

"ಚಿಕ್ಕ ಮಾವ, ಅಂಗಳದಲ್ಲಿ ಬೇಡ. ಒಳಗೇ ಒರೆಸಿ ಬಟ್ಟೆ ಹಾಕ್ತೆ ನಾನು."

"ಹೆಂಗಸ್ರು ಮೀಸೂದಾ? ಹಂಗಾದ್ರೆ ದಾಯಾದಿಗಳು ನಾವೆಲ್ಲ ಎಂತಕ್ಕೆ ಇದ್ದದ್ದು?"

"ಅವರಿಗೆ ಗಾಯ ಅದೆ. ನೋಡೂಕಾಗ್ತಿಲ್ಲ."

"ಸತ್ತವಂಗೆ ಎಂತ ಗಾಯ ಹುಡುಗಿ? ಸರಿ ಆ ಬದಿಗೆ."

ಎಲ್ಲರೂ ನೋಡುತ್ತಿದ್ದರು. ದಿವ್ಯಶ್ರೀ ಸರಿಯಲಿಲ್ಲ. ಆಗ ಅವಳ ಬೆನ್ನಹಿಂದಿನಿಂದ ಗಣಪಿ ಬಂದಳು.

"ಪಾಂಡು, ಅವಂಗೆ ಮೊದಲ ನೀರು ಹೊಯ್ದದ್ದು ಯಾರು?"

"ನೀನೇ ಅತ್ತಿಗೆ. ಅದಕ್ಕೂ ಇದಕ್ಕೂ ಎಂತ..."

"ಆವಾಗ ನಿಮ್ಮ ದಾಯಾದಿಗಳು ಎಲ್ಲಿದ್ರು? ಕಡೇ ನೀರೂ ನಾನೇ ಹೊಯ್ತೆ. ಬಚ್ಚಲಲ್ಲಿ, ಬಾಗಿಲು ಹಾಕ್ಕಂಡು."

"ಶಾಸ್ತ್ರ ಅಂಬೂದು ಒಂದು ಅದೆ, ಅತ್ತಿಗೆ."

"ತಾಯಿ ಇರೂವಾಗ ಮಗ ಹೋಗೂದು ಯಾವ ಶಾಸ್ತ್ರ? ಅದನ್ನ ಮೊದಲು ಹೇಳು."

ಪಾಂಡು ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡ. "ಆತು," ಎಂದ. "ಹೊದಿಕೆ ಸಮೇತ ಬಚ್ಚಲಿಗೆ ಇಡಿ."

ನಾಲ್ವರು ಹೊತ್ತು ಒಳಗಿಟ್ಟು ಹೊರಗೆ ಬಂದರು. ದಿವ್ಯಶ್ರೀ ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಅಂಕಿತಾ ಚೊಂಬು ಹಿಡಿದು ಬಂದಳು. ಸಮವಸ್ತ್ರ ಹಾಗೆಯೇ ಇತ್ತು. ಬಲಗಡೆಯ ಕೂದಲನ್ನು ಯಾರೋ ರಬ್ಬರ್ ಹಾಕಿ ಕಟ್ಟಿದ್ದರು.

"ನಾನೂ ಒಂದು ಚೊಂಬು ಹೊಯ್ಲಾ?"

"ಬೇಡ ಮಗಾ. ಹೊರಗಿರು."

"ಅಮ್ಮ, ಒಂದು ಕೇಳೂದಿತ್ತು."

"ಆಮೇಲೆ," ಎಂದು ದಿವ್ಯಶ್ರೀ ಚಿಲಕ ಹಾಕಿದಳು.

ಹಂಡೆಯ ಒಲೆಯಲ್ಲಿ ತೆಂಗಿನ ಗರಿ ಉರಿಯುತ್ತಿತ್ತು. ಹೊದಿಕೆ ತೆಗೆಯಲು ದಿವ್ಯಶ್ರೀಗೆ ಕೈ ಬರಲಿಲ್ಲ.

"ಅತ್ತೆ, ನೀವು ಆ ಕಡೆ ತಿರುಗಿ ನಿಲ್ಲಿ."

"ತೆಗಿ," ಎಂದಳು ಗಣಪಿ. "ಒಂದು ವರ್ಷದಿಂದ ಈ ಮನೇಲಿ ಹೂವಿನ ವಾಸನೆ ಅಡಿಗೆ ಇನ್ನೊಂದು ವಾಸನೆ ಅದೆ. ಮೂಗು ನಂಗೂ ಅದೆ."

"ಒಂದು ದಿನವೂ ಕೇಳ್ಲಿಲ್ಲ ನೀವು."

"ಕೇಳಿದ್ರೆ ಅಂವ ಆ ದಿನವೇ ಸಾಯ್ತಿದ್ದ."

ಚೀಲದ ಅಂಚನ್ನು ದಿವ್ಯಶ್ರೀ ಯಾವಾಗಿನಂತೆ ಮೆಲ್ಲಗೆ, ಚರ್ಮವನ್ನು ಬೆರಳಿಂದ ಒತ್ತಿ ಹಿಡಿದು ಬಿಡಿಸಿದಳು. ನೋವಾಗುತ್ತದೋ ಎಂದು ಮುಖದ ಕಡೆ ನೋಡಿದಳು. ನೋಡಿದ ಮೇಲೆ ನೆನಪಾಯಿತು. ತೊಡೆಯ ಪಟ್ಟಿ ಬಿಚ್ಚಿದಾಗ ಗಣಪಿಯ ಕೈಯ ಚೊಂಬು ನಿಂತಲ್ಲೇ ನಿಂತಿತು.

"ಇಲ್ಲೂ?"

"ಇಲ್ಲೂ."

ಗಣಪಿ ಬಿಸಿನೀರಿಗೆ ತಣ್ಣೀರು ಬೆರೆಸಿ, ಮುಂಗೈಯ ಹಿಂಬದಿಗೆ ಹೊಯ್ದುಕೊಂಡು ಹದ ನೋಡಿದಳು. ಎಳೆಕೂಸಿಗೆ ನೋಡುವ ಹಾಗೆ. ಕರಿ ಉಡಿದಾರ ಸೊಂಟದಿಂದ ಜಾರಿ ಮೂಳೆಯ ಮೇಲೆ ನಿಂತಿತ್ತು. ಅದನ್ನು ಅವಳೇ ಕತ್ತರಿಸಿದಳು. ಹೊಟ್ಟೆಯ, ತೊಡೆಯ ಎರಡೂ ಬಾಯಿಗಳಿಗೆ ದಿವ್ಯಶ್ರೀ ಹತ್ತಿ ಒತ್ತಿ, ತನ್ನ ಹಳೇ ಹತ್ತಿಸೀರೆಯ ತುಂಡನ್ನು ಮಡಿಸಿಟ್ಟು, ಬಿಗಿಯಾಗಿ ಸುತ್ತಿದಳು. ಮೇಲೆ ಬಿಳಿ ಪಂಚೆ. ಈಗ ಯಾರು ನೋಡಿದರೂ ಅಲ್ಲಿ ಸಪೂರ ಹೊಟ್ಟೆಯೊಂದೇ.

ಚೀಲವನ್ನು ಎಲ್ಲಿಡುವುದೆಂದು ಅವಳು ಸುತ್ತ ನೋಡುವಾಗ ಗಣಪಿ ಕೈಯಿಂದ ಇಸಿದುಕೊಂಡು ಹಂಡೆಯ ಒಲೆಗೆ ತುರುಕಿದಳು. ಕಪ್ಪು ಹೊಗೆ ಎದ್ದಿತು.

"ಎಂತದು ಸುಟ್ಟ ವಾಸನೆ?" ಹೊರಗಿನಿಂದ ಜಟ್ಟಿಯ ದನಿ.

"ಹಾಸಿಗೆ ಪ್ಲಾಸ್ಟಿಕ್ಕು," ಗಣಪಿ ಒಳಗಿಂದಲೇ ಹೇಳಿದಳು. "ನಿನ್ನ ಕರ್ದದ್ದು ಬಿದಿರು ಕಡಿಯೂಕೆ ಜಟ್ಟಿ, ವಾಸನೆ ಕಾಯೂಕಲ್ಲ."

*

ಟೆಂಪೋದ ಇರ್ಷಾದ ಬಂದಾಗ ಮೋಹನನನ್ನು ಅಂಗಳದಲ್ಲಿ ಮಲಗಿಸಿ ಆಗಿತ್ತು. ಆ ದಿನದ ಮಲ್ಲಿಗೆಯನ್ನು ಅವನು ಎಲ್ಲಿಯೂ ಇಳಿಸಿರಲಿಲ್ಲ. ಬಾಳೆ ಎಲೆಯ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಮಾಲೆಗಳನ್ನು ಕಾಲಿನಿಂದ ಎದೆಯವರೆಗೆ ಸಾಲಾಗಿ ಹಾಕಿದ. ಹೊಟ್ಟೆಯ ಹತ್ತಿರ ಬಂದಾಗ ಕೈ ತಡೆದು, ಅಲ್ಲಿ ಎರಡು ಮಾಲೆ ಹೆಚ್ಚು ಇಟ್ಟ. ದಿವ್ಯಶ್ರೀ ಅದನ್ನು ಕಂಡಳು.

ನೀರು ಕುಡಿಯುವ ನೆವದಲ್ಲಿ ಅವನು ಜಗಲಿಯ ತುದಿಗೆ ಬಂದ. ದನಿ ತಗ್ಗಿಸಿದ.

"ಅಕ್ಕ, ಅದು... ತೆಗ್ದ್ರಾ?"

ಅವಳು ನೀರಿನ ಲೋಟವನ್ನು ಅವನ ಮುಂದೆ ಇಟ್ಟಳು.

"ಯಾರಿಗೂ ಹೇಳ್ಲಿಲ್ಲ ನಾನು. ನನ್ನ ಗಾಡೀಲಿ ಒಂದು ಸಲ ಒಡೀತು. ಮಡಿಲಲ್ಲಿದ್ದ ಹೂವಿನ ಮೇಲೇ. ಒಂದೇ ಪೊಟ್ಟಣ ಅಣ್ಣ, ಅದೊಂದು ಬಿಸಾಕಿದ್ರೆ ಆತು, ಉಳಿದದ್ದು ಚೊಕ್ಕ ಅದೆ ಅಂದೆ. ಕೇಳ್ಲಿಲ್ಲ. ಅಷ್ಟೂ ಹೂವನ್ನ ಶರಾವತಿ ಸೇತುವೆ ಮೇಲಿಂದ ಹೊಳೆಗೆ ಬಿಟ್ರು. ಆಮೇಲೆ ನನ್ನ ಹತ್ರ ಎಲ್ಲ ಹೇಳ್ಕಂಡು ಅತ್ರು. ಅವತ್ತಿಂದ ಹೊನ್ನಾವರದಲ್ಲಿ ನಮ್ಮಕ್ಕನ ಮನೇಲೇ ತೊಳ್ಕಂಡು ಮುಂದೆ ಹೋಗ್ತಿದ್ರು. ಅಕ್ಕ ಅವ್ರಿಗೆಂದೇ ಒಂದು ಬಕೆಟ್ ಬೇರೆ ಇಟ್ಟಿದ್ಲು."

ಆ ದಿನ ದಿವ್ಯಶ್ರೀಗೆ ನೆನಪಿತ್ತು. ಟೆಂಪೋ ಕೆಟ್ಟಿತು, ಹೂ ಬರಲಿಲ್ಲ ಎಂದಿದ್ದ ಮೋಹನ. ಅನ್ನ ಉಂಡಿರಲಿಲ್ಲ.

"ನೀರು ಇನ್ನೂ ಬೇಕಾ?" ಎಂದು ಕೇಳಿದಳು. ಟೆಂಪೋದವನಿಗೆ ಹೇಳಿಕೊಂಡು ಅತ್ತಿದ್ದ. ತಾನು ಕಂಡೇ ಇರದ ಒಬ್ಬ ಹೆಂಗಸಿಗೂ ಗೊತ್ತಿತ್ತು. ಅಂಗಳದಾಚೆ ತೆಂಗಿನ ಬುಡದಲ್ಲಿ ಅಂಕಿತಾ ನಿಂತಿದ್ದಳು. ಎಲ್ಲರೂ ಹೂ ಹಾಕಿ, ಪಾದ ಮುಟ್ಟಿ ಬರುತ್ತಿದ್ದರೂ ಅವಳು ಅಲ್ಲಿಂದ ಕದಲಿರಲಿಲ್ಲ.

*

ಮೊದಲೆಲ್ಲ ಹೂ ಮುಗಿಸಿ ಬಂದ ಅಪ್ಪ ಜಗಲಿಯಲ್ಲಿ ಕೂತದ್ದೇ ತಡ, ಅಂಕಿತಾ ಎಲ್ಲಿದ್ದರೂ ಓಡಿಬಂದು ತೊಡೆಯ ಮೇಲೆ ಧೊಪ್ಪನೆ ಬೀಳುವಳು. ಉಳಿಸಿ ತಂದ ತುಂಡು ಮಾಲೆಯನ್ನು ಅವನು ಅವಳ ಕಿವಿಗೆ ಸುತ್ತಿ ಆಟವಾಡಿಸುವನು.

ಆಪರೇಷನ್ನಾಗಿ ಮತ್ತೆ ಹೂವಿಗೆ ಹೋಗಲು ಶುರು ಮಾಡಿದ ಹೊಸತು. ಭಾನುವಾರ. ಅವನು ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿದ್ದ. ಅಂಕಿತಾ ಅಂಗಳದಿಂದ ಓಡಿಬಂದಳು. ಅಡುಗೆಮನೆಯಿಂದ ನೋಡಿದ ದಿವ್ಯಶ್ರೀ ಕೂಗುವಷ್ಟರಲ್ಲಿ ಮಗಳು ಅವನ ಹೊಟ್ಟೆಯ ಮೇಲೆ ಬಿದ್ದಿದ್ದಳು. ಚೀಲ ಕಳಚಿತು. ಮೋಹನ ಎರಡೂ ಕೈಯಿಂದ ಅವಳನ್ನು ನೂಕಿದ. ಆ ಉದ್ದ ಕೈಗಳಿಂದ ನೂಕಿಸಿಕೊಂಡ ಹುಡುಗಿ ಮೆಟ್ಟಿಲು ದಾಟಿ ಅಂಗಳಕ್ಕೆ ಬಿದ್ದಳು.

"ಹತ್ರ ಬರಬೇಡ," ಎಂದವನು ಹೊಟ್ಟೆಗೆ ಟವಲು ಒತ್ತಿಕೊಂಡು ಬಚ್ಚಲಿಗೆ ಹೋದ.

ಅಂಕಿತಾ ಅಳಲಿಲ್ಲ. ಮೊಣಕಾಲಿನ ಮಣ್ಣು ತಾನೇ ಕೊಡವಿಕೊಂಡಳು. ಅವತ್ತೇ ತನ್ನ ಚಾಪೆಯನ್ನು ಅಜ್ಜಿಯ ಕೋಣೆಗೆ ಒಯ್ದಳು.

"ಹೇಳಿಬಿಡುವ ಅದಕ್ಕೆ," ಎಂದಿದ್ದಳು ದಿವ್ಯಶ್ರೀ.

"ಶಾಲೆಲಿ ಹೇಳ್ತದೆ. ಮಗು ಬಾಯಿ."

"ಬೇಡ ಅಂದ್ರೆ ಹೇಳೂದಿಲ್ಲ ನಮ್ಮ ಅಂಕಿ."

"ಹೇಳದೆ ಇದ್ರೂ, ನನ್ನ ನೋಡೂವಾಗೆಲ್ಲ ಅದೇ ಕಾಣ್ತದೆ ಅದಕ್ಕೆ. ನಮ್ಮಪ್ಪ ಹೂವಿನವ ಅಂತ ಅಷ್ಟೇ ಇರ್ಲಿ. ಎಲ್ರಿಗೂ ಗೊತ್ತಾದ್ರೂ ಅಂಕಿಗೆ ಬೇಡ. ನಾ ಸತ್ತ ಮೇಲೂ ಬೇಡ. ಆತಾ?"

ತೊಡೆ ಒಡೆದ ಮೇಲೆ ಅವನು ಮಗಳನ್ನು ಕೋಣೆಯ ಬಾಗಿಲಿಗೂ ಬರಗೊಡಲಿಲ್ಲ. ಪರೀಕ್ಷೆಯ ಅಂಕ ತೋರಿಸಲು ಬಂದರೆ, ಅಲ್ಲೇ ನಿಂತು ಓದು ಎನ್ನುವನು. ಅವಳು ಹೊಸ್ತಿಲಾಚೆ ನಿಂತು ಓದುವಳು. ಅವನು ಗೋಡೆಯ ಕಡೆ ತಿರುಗಿ ಕೇಳುವನು.

"ಆತು," ಎಂದಿದ್ದಳು ದಿವ್ಯಶ್ರೀ, ಅವನು ಮಾತು ಕೇಳಿದ ಆ ದಿನ.

*

ಚಟ್ಟ ಎದ್ದಿತು. ಲೋಕೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಪಾಂಡು ಹೆಗಲು ಕೊಟ್ಟವರಿಗೆ ಹೆಜ್ಜೆ ಹೇಳುತ್ತ ಪಕ್ಕದಲ್ಲಿ ಹೋದ. ಐದು ಮೊಳದ ಬಿದಿರಿನಲ್ಲೂ ಪಾದ ತುದಿಯ ಹತ್ತಿರಕ್ಕೆ ಬಂದಿತ್ತು. ಓಣಿಯ ತಿರುವಿನಲ್ಲಿ ಚಟ್ಟ ಓರೆಯಾದಾಗ ಹೊಟ್ಟೆಯ ಮೇಲಿನ ಮಾಲೆಗಳು ಒಂದು ಬದಿಗೆ ಸರಿದವು. ದಿವ್ಯಶ್ರೀ ಎರಡು ಹೆಜ್ಜೆ ಮುಂದೆ ಬಂದು ನೋಡಿದಳು. ಬಿಳಿ ಪಂಚೆ ಬೆಳ್ಳಗೆ ಇತ್ತು. ಒಂದು ಕಲೆಯಿಲ್ಲ. ಚಟ್ಟ ಕಣ್ಮರೆಯಾದ ಮೇಲೆ ಅವಳು ಅತ್ತಳು, ಸುತ್ತಲಿನ ಹೆಂಗಸರು ಹಿಡಿದುಕೊಳ್ಳುವಷ್ಟು.

ಹೆಂಗಸರು ಮನೆ ತೊಳೆದರು. ಒಳಕೋಣೆಗೆ ನೀರು ಹೊಯ್ದು ಗುಡಿಸಿ, ಚಾಪೆ ದಿಂಬು ಹೊರಗೆ ಎಸೆದರು. ಎಲ್ಲೆಲ್ಲೂ ಮಲ್ಲಿಗೆಯ ವಾಸನೆ. ಅದರಡಿಯಲ್ಲಿ ಈಗ ಬೇರೆ ಏನೂ ಇರಲಿಲ್ಲ. ದಿವ್ಯಶ್ರೀ ತಲೆಗೆ ನೀರು ಹೊಯ್ದುಕೊಂಡು ಬಂದು ಹಿತ್ತಿಲ ಮೆಟ್ಟಿಲಲ್ಲಿ ಕೂತಳು. ಕೊಟ್ಟ ಮಾತು ನಡೆಸಿದ್ದಾಯಿತು. ಇನ್ನು ಯಾರೂ ನೋಡಲಾರರು. ಗಾಳಿಮರಗಳ ಮೇಲೆ, ಕಡಲ ಕಡೆಯಿಂದ, ಹೊಗೆ ಕಾಣತೊಡಗಿತು.

ಅಂಕಿತಾ ಬಂದಳು. ಅಮ್ಮನ ಪಕ್ಕದಲ್ಲಿ ಮೆಟ್ಟಿಲು ಖಾಲಿಯಿತ್ತು. ಅವಳು ಅ‌ಲ್ಲಿ ಕೂರಲಿಲ್ಲ. ಎರಡು ಮಾರು ಆಚೆಗೆ, ಒಗೆಯುವ ಕಲ್ಲಿನ ಹತ್ತಿರ ನಿಂತಳು. ಚಾಚಿದ ಕೈಗೆ ಎಟುಕದಷ್ಟು ದೂರ.

"ಹತ್ರ ಬಾ ಮಗಾ."

ಅವಳು ಬರಲಿಲ್ಲ.

"ಆಮೇಲೆ ಕೇಳು ಅಂದಿದ್ದೆ ನೀನು."

"ಹೌದು. ಕೇಳು."

ಅಂಕಿತಾ ಹೊಗೆಯ ಕಡೆ ನೋಡಿದಳು. ಕಾಲ ಹೆಬ್ಬೆರಳಿನಿಂದ ಕಲ್ಲಿನ ಬುಡದ ಒದ್ದೆ ಮಣ್ಣನ್ನು ಕೆದಕಿದಳು. ಬಾವಿಕಟ್ಟೆಯಲ್ಲಿ ಗಣಪಿ ಹಗ್ಗ ಎಳೆಯುವುದನ್ನು ನಿಲ್ಲಿಸಿದ್ದಳು.

"ಅಮ್ಮ, ಅಪ್ಪಂಗೆ ನಾ ಎಂತ ಮಾಡಿದ್ದೆ?"